‘ಫಿಜಿಯೋಥೆರಪಿ’ ಅನ್ನೋ ಗುಳಿಗಿ ಎಲ್ಲಿ ಸಿಗ್ತದ?

ಶಿವರಾತ್ರಿ ಮುಗಿಸಿಕೊಂಡು ಗೋರ್ಟಾ (ಬಿ)ಗೆ ಹೋದಾಗ ಕಾಕು ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟಳು. ಒಳಗೆ ಕಾಕಾನ ಸ್ಕ್ಯಾನಿಂಗ್ ಫಿಲ್ಮು, ರಕ್ತಪರೀಕ್ಷೆಯ ಕಾಗದ, ಔಷಧದ ಬಿಲ್ಲುಗಳು, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಕಾರ್ಡು. ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:

“ತಮ್ಮಾ, ಮ್ಯಾಲಿನ ನಾಕೂ ಗುಳಿಗಿ ಸಿಕ್ಕಾವ. ಇದೊಂದು ಮಾತ್ರ ಎಲ್ಲೀ ಸಿಗವಲ್ದು. ಬಸವಕಲ್ಯಾಣದಾಗ ಮೂರು ಮೆಡಿಕಲ್‌ದಾಗ ಕೇಳಿಸೀನಿ. ನಿಮ್ಮ ಕಲಬುರಗಿಯೊಳಗರ ಸಿಗ್ತದೇನು ನೋಡು.”

ಆ ಸಾಲಿನಲ್ಲಿ ಇದ್ದದ್ದು ಒಂದೇ ಶಬ್ದ, ಅದೂ ಇಂಗ್ಲಿಷಿನಲ್ಲಿ: ಫಿಜಿಯೋಥೆರಪಿ.

ನನಗೆ ನಗು ಬರಲಿಲ್ಲ. ಕಾಕು ಓದಿದ್ದು ಏಳನೆತ್ತೆ, ಅದೂ ಕನ್ನಡ ಶಾಲೆಯಲ್ಲಿ. ಗುಳಿಗೆಗಳ ಪಟ್ಟಿಯ ಕೆಳಗೆ ಬರೆದದ್ದನ್ನು ಅವಳು ಗುಳಿಗೆ ಅಂತ ತಿಳಿದರೆ ತಪ್ಪು ಅವಳದಲ್ಲ. ಆಮೇಲೆ ಯೋಚನೆ ಮಾಡಿದಷ್ಟೂ ಅವಳು ಆ ಕಾರ್ಡನ್ನು ಸರಿಯಾಗಿಯೇ ಓದಿದ್ದಾಳೆ ಅನ್ನಿಸತೊಡಗಿತು. ಅವಳು ಕೇಳಿದ್ದು “ಎಲ್ಲಿ ಸಿಗ್ತದ” ಅಂತ. ಆ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರ ಇರಲಿಲ್ಲ. ಪುಸ್ತಕಗಳ ವಿಮರ್ಶೆ ಬರೆಯುವ ನಾನು ಈ ಸಲ ಆ ಒಂದು ಸಾಲಿನ ವಿಮರ್ಶೆ ಬರೆಯಲು ಕೂತಿದ್ದೇನೆ.

ತೊಗರಿ ರಾಶಿ ಮಾಡುವ ದಿನಗಳಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು. ಹೊಲದಿಂದ ಬಂದವನು ಕೈಯಲ್ಲಿನ ಚಹಾದ ಕಪ್ಪು ಬಿಟ್ಟ. ಬಾಯಿ ಒಂದು ಕಡೆ ಸೊಟ್ಟಾಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮೊದಲ ದಿನ ಲಕ್ವಾದ ಔಷಧ ಕೊಡುವವರ ಹತ್ತಿರ ಕರೆದೊಯ್ದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರಂತೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಕಾಶ ನಾಲ್ಕೂವರೆ ತಾಸು ಮಾತ್ರ. ಆ ಅವಕಾಶ ನಾವೇ ಕಳೆದುಕೊಂಡೆವು, ಅದರ ದೂರು ಯಾರ ಮೇಲೂ ಇಲ್ಲ. ಮರುದಿನ ದೊಡ್ಡ ಊರಿನ ಆಸ್ಪತ್ರೆಗೆ ಹಾಕಿದೆವು. ಅಲ್ಲಿಯ ಡಾಕ್ಟರರು ಜೀವ ಉಳಿಸಿದರು. ಎಂಟನೆಯ ದಿನ ಬಿಲ್ಲು ಕಟ್ಟಿ, ಜೀಪಿನಲ್ಲಿ ಮಲಗಿಸಿಕೊಂಡು ಊರಿಗೆ ತಂದೆವು. ಬಿಲ್ಲಿನಲ್ಲಿ ನನ್ನ ಪಾಲಿನದು ಕಟ್ಟಿ ನಾನೂ ಕಲಬುರಗಿ ಬಸ್ಸು ಹತ್ತಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಎರಡು ತಿಂಗಳ ಮೇಲೆ ಹೋಗಿ ನೋಡಿದರೆ ಕಾಕಾ ಅದೇ ಹೊರಸಿನ ಮೇಲೆ ಇದ್ದ. ಬಲಗೈ ಮಡಚಿಕೊಂಡು ಎದೆಗೆ ಅಂಟಿತ್ತು, ಬೆರಳು ಬಿಡಿಸಿದರೆ ಚೀರುತ್ತಿದ್ದ. ಎಬ್ಬಿಸುವಾಗೆಲ್ಲ ಮನೆಯವರು ಆ ಸತ್ತ ಕೈ ಹಿಡಿದೇ ಎಳೆದಿದ್ದರು. ಹಾಗೆ ಎಳೆದರೆ ಸಡಿಲವಾದ ಭುಜದ ಕೀಲು ಇಳಿದುಬಿಡುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಅಂತಲೂ ಹೇಳಿರಲಿಲ್ಲ, ಹೀಗಾಗಿ ಟೊಂಕದ ಕೆಳಗೆ ಹುಣ್ಣಾಗಿತ್ತು. ಮಲಗಿಸಿಯೇ ನೀರು ಕುಡಿಸುತ್ತಿದ್ದರು, ಪ್ರತಿ ಗುಟುಕಿಗೂ ಕೆಮ್ಮುತ್ತಿದ್ದ. ನುಂಗುವ ಶಕ್ತಿ ಕುಂದಿದವರಿಗೆ ಹಾಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಇವುಗಳಲ್ಲಿ ಒಂದನ್ನೂ ಲಕ್ವಾ ಮಾಡಿದ್ದಲ್ಲ. ಲಕ್ವಾ ಆದ ಮೇಲಿನ ಎರಡು ತಿಂಗಳು ಮಾಡಿದ್ದು.

ಅವನ ಮಾತೂ ಹೋಗಿತ್ತು. ಏನು ಕೇಳಿದರೂ “ಆತು, ಆತು” ಅಷ್ಟೇ. ಹಸಿವಾದರೂ ಆತು, ಸಿಟ್ಟು ಬಂದರೂ ಆತು. ಓಣಿಯವರು ತಲಿ ಕೆಟ್ಟದ ಅಂತ ತೀರ್ಮಾನ ಮಾಡಿದ್ದರು. ಖರೇ ಅಂದ್ರೆ ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಬಲಮಗ್ಗಲಿನ ಜೊತೆ ಮಾತೂ ಹೋಗುವುದುಂಟು, ಅದಕ್ಕೆ ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಇರುತ್ತದೆ, ಶಬ್ದ ಕೈಗೆ ಸಿಗುವುದಿಲ್ಲ.

ನಮ್ಮ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದ ಮೇಲೆ ಬಿದ್ದು ಮಾಡಿದ ಹತ್ಯಾಕಾಂಡದ ಕಥೆಯನ್ನು ಕಾಕಾ ತನ್ನ ಅವ್ವನಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಬಂದು ಹುತಾತ್ಮರ ಸ್ಮಾರಕ, ಸರದಾರ್ ಪಟೇಲರ ಪ್ರತಿಮೆ ಉದ್ಘಾಟಿಸಿದ ಮೇಲೆ ನೋಡಲು ಬರುವವರು ಹೆಚ್ಚಾದರು. ಯಾರು ಬಂದರೂ ಕಾಕಾ ನಿಂತು ಹೇಳುತ್ತಿದ್ದ: ಯಾವ ಮನೆ, ಯಾವ ಬಾಗಿಲು, ಯಾರು ಎಲ್ಲಿ ಅಡಗಿದ್ದರು. ಸ್ಮಾರಕ ಈಗಲೂ ಇದೆ. ಹೇಳುವವನು ಹೊರಸಿನ ಮೇಲೆ ಆತು ಆತು ಅನ್ನುತ್ತಾನೆ.

ಇನ್ನು ಆ ಸಾಲಿಗೆ ಬರುತ್ತೇನೆ.

ಲಕ್ವಾ ಆದ ಮೇಲೆ ಮೆದುಳು ಹೊಸ ದಾರಿ ಹುಡುಕುತ್ತದೆ. ಸತ್ತ ಭಾಗದ ಕೆಲಸವನ್ನು ಉಳಿದ ಭಾಗ ನಿಧಾನಕ್ಕೆ ಕಲಿಯುತ್ತದೆ. ಆದರೆ ಕಲಿಯಲು ಒಂದೇ ಕೆಲಸವನ್ನು ನೂರು ಸಲ, ಸಾವಿರ ಸಲ ಮಾಡಿಸಬೇಕು. ಈ ಚೇತರಿಕೆಯ ಬಹುಪಾಲು ಆಗುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೆಯೂ ಸುಧಾರಿಸುವುದು ಉಂಟು, ಆದರೆ ವೇಗ ಕಡಿಮೆ. ಅಂದಮೇಲೆ ಕಾಕಾನಿಗೆ ಯಾರಾದರೂ ಬೇಕಾಗಿದ್ದುದು ಆಸ್ಪತ್ರೆಯಿಂದ ಬಂದ ಒಂಬತ್ತನೆಯ ದಿನದಿಂದ.

ಆಗ ಯಾರ ಲೆಕ್ಕದಲ್ಲಿದ್ದ ಅವನು? ಆಸ್ಪತ್ರೆಯ ಲೆಕ್ಕದಲ್ಲಿ ಡಿಸ್ಚಾರ್ಜ್ ಆದವನು. ಹಾಗಾದರೆ ವಿಕಲಚೇತನರ ಇಲಾಖೆಯ ಲೆಕ್ಕದಲ್ಲಿರಬೇಕಲ್ಲ ಅಂತ ಪಂಚಾಯ್ತಿಗೆ ಹೋಗಿ ಕೇಳಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ ಅಂತ ಒಬ್ಬರು, ತಾಲ್ಲೂಕಿಗೆ ‘ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ’ ಅಂತ ಒಬ್ಬರು ಗೌರವಧನದ ಮೇಲೆ ದುಡಿಯುತ್ತಾರೆ. ಬಹಳ ಮಂದಿ ಸ್ವತಃ ಅಂಗವಿಕಲರು. ಬಂದ ಮನುಷ್ಯ ಒಳ್ಳೆಯವನು, ಮನೆತನಕ ಬಂದ. ಕಾಕಾನನ್ನು ನೋಡಿ ಹೇಳಿದ:

“ಸರ್, ಈಗೇನೂ ಆಗಲ್ರಿ. ಆರು ತಿಂಗಳಾದ ಮ್ಯಾಲ ಬರ್ರಿ. ಸರ್ಟಿಫಿಕೇಟ್ ಆಗ ಮಾಡ್ತಾರ.”

ಅವನು ಹೇಳಿದ್ದು ರೂಢಿಯ ಮಾತೇ. ನರಸಂಬಂಧಿ ಕಾಯಿಲೆಯಿಂದಾದ ವಿಕಲತೆಯನ್ನು ಅಳೆದು ಪ್ರಮಾಣಪತ್ರ ಕೊಡುವುದು ಸಾಮಾನ್ಯವಾಗಿ ಕಾಯಿಲೆ ಶುರುವಾಗಿ ಆರು ತಿಂಗಳ ನಂತರ. ಕಾರಣವೂ ಇದೆ: ಅಷ್ಟರಲ್ಲಿ ಎಷ್ಟು ಸುಧಾರಿಸಬೇಕೋ ಅಷ್ಟು ಸುಧಾರಿಸಿರುತ್ತದೆ, ಉಳಿದದ್ದು ಶಾಶ್ವತ. ಪಿಂಚಣಿ ಕೊಡಲು ಈ ನಿಯಮ ಸರಿ. ಆದರೆ ಪಿಂಚಣಿ, ಬಸ್ ಪಾಸ್, ಗಾಲಿಕುರ್ಚಿ, ಎಲ್ಲಕ್ಕೂ ಬಾಗಿಲು ಅದೊಂದೇ ಕಾರ್ಡು. ಸುಧಾರಿಸುವ ಆರು ತಿಂಗಳು ಸರಕಾರ ಹೊರಗೆ ನಿಂತು ಕಾಯುತ್ತದೆ. ಇನ್ನು ಸುಧಾರಿಸುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಳಗೆ ಬರುತ್ತದೆ.

ನನ್ನ ಮಟ್ಟಿಗೆ ಎಲ್ಲ ಕೊರತೆಗಳ ತಾಯಿಬೇರು ಇದೇ. ಡಾಕ್ಟರಿಲ್ಲ, ಮಷೀನಿಲ್ಲ, ಬಜೆಟ್ಟಿಲ್ಲ ಅನ್ನುವುದು ಆಮೇಲಿನ ಮಾತು. ಆಸ್ಪತ್ರೆ ಎಂಟನೆಯ ದಿನ ಕೈಬಿಡುತ್ತದೆ, ಕಲ್ಯಾಣ ಇಲಾಖೆ ಏಳನೆಯ ತಿಂಗಳು ಕೈಹಿಡಿಯುತ್ತದೆ. ನಡುವಿನ ಕಾಲ ಯಾರದೂ ಅಲ್ಲ. ಮನುಷ್ಯ ಎದ್ದು ಕೂಡುವುದೋ ಮಲಗಿಯೇ ಇರುವುದೋ ತೀರ್ಮಾನವಾಗುವುದು ಮಾತ್ರ ಆ ನಡುವಿನ ಕಾಲದಲ್ಲಿ.

ಕಾನೂನಿನಲ್ಲಿ ಕೊರತೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಏಳು ಇದ್ದ ವಿಕಲತೆಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದು ಬಂದವು. ಅಫೇಸಿಯಾ ಕೂಡ ಮಾತು ಮತ್ತು ಭಾಷೆಯ ವಿಕಲತೆಯ ಕೆಳಗೆ ಹೆಸರಿಟ್ಟೇ ಇದೆ. ಅಂದರೆ ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ಕಾಕಾನ ‘ಆತು, ಆತು’ ಏನೆಂದು ಗೊತ್ತಿತ್ತು. ಓಣಿಯವರಿಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ರಾಜ್ಯದ 2024–25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಆರೈಕೆಯೂ ದುಡಿಮೆ ಅಂತ ಸರಕಾರ ಒಪ್ಪಿದ್ದು ದೊಡ್ಡ ಮಾತು. ಆದರೆ ಆ ನಾಲ್ಕರಲ್ಲಿ ಲಕ್ವಾ ಇಲ್ಲ. ಹಳ್ಳಿಯಲ್ಲಿ ಓಣಿಗೊಬ್ಬರು ಸಿಗುವ ಕಾಯಿಲೆಯೇ ಪಟ್ಟಿಯಿಂದ ಹೊರಗೆ.

“ಬೀದರಿಗೆ ಕರಕೊಂಡು ಹೋಗ್ರಿ” ಅಂತ ಬಹಳ ಮಂದಿ ಹೇಳಿದರು. ಬೀದರಿನಲ್ಲಿ ಎಲ್ಲವೂ ಇದೆ ಅಂತಲೇ ಇಟ್ಟುಕೊಳ್ಳೋಣ. ಬಸವಕಲ್ಯಾಣದಿಂದ ಬೀದರಿಗೆ ಸುಮಾರು 80 ಕಿಲೋಮೀಟರು. ಒಂದು ಆಪರೇಷನ್ನಿಗೆ ಇದೇನು ದೂರವಲ್ಲ. ಫಿಜಿಯೋಥೆರಪಿ ಹಾಗಲ್ಲ. ವಾರಕ್ಕೆ ಮೂರು ಸಲದಂತೆ ಮೂರು ತಿಂಗಳು ಅಂದರೂ 36 ಸಲ ಹೋಗಿ ಬರಬೇಕು, ಒಟ್ಟು 5,760 ಕಿಲೋಮೀಟರು. ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದಷ್ಟು. ಶಕ್ತಿ ಯೋಜನೆಯಲ್ಲಿ ಕಾಕುಗೆ ಬಸ್ಸು ಪುಕ್ಕಟೆ. ಆದರೆ ಬಲಗಾಲು ಎತ್ತಲಾರದ ಗಂಡನನ್ನು ಬಸ್ಸಿನ ಮೊದಲ ಮೆಟ್ಟಿಲು ಹತ್ತಿಸುವವರು ಯಾರು? ಹೈದರಾಬಾದು, ಸೊಲ್ಲಾಪುರ ನಮಗೆ ಹಳೆಯ ಆಸ್ಪತ್ರೆ ಊರುಗಳು. ಗಡಿ ದಾಟಿದರೆ ಆ ಪುಕ್ಕಟೆ ಟಿಕೀಟೂ ಇಲ್ಲ.

ಅದಕ್ಕೇ ನಮ್ಮ ಭಾಗದ ಬೇಡಿಕೆಗಳ ಬಗ್ಗೆಯೂ ನನ್ನದೊಂದು ತಕರಾರಿದೆ. 371(ಜೆ) ಬಂದ ಮೇಲೆ ನಾವು ಕೇಳಿದ್ದೆಲ್ಲ ದೊಡ್ಡ ಕಟ್ಟಡಗಳನ್ನು. ಕೆಲವು ಸಿಕ್ಕವು ಕೂಡ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಶುರುವಾಯಿತು, ಹಾಸಿಗೆಗಳ ಸಂಖ್ಯೆಯನ್ನೂ 371 ಅಂತ ಇಟ್ಟರು. ಎದೆನೋವು ಬಂದವನಿಗೆ ಅದು ಜೀವದಾನ. ಈಗ ಅದೇ ಉಸಿರಿನಲ್ಲಿ “ನಮಗೂ ಒಂದು ನಿಮ್ಹಾನ್ಸ್ ಕೊಡ್ರಿ” ಅನ್ನುತ್ತೇವೆ. ಕೊಡಲಿ. ಆದರೆ ಕಲಬುರಗಿಯಲ್ಲಿ ನಿಮ್ಹಾನ್ಸ್ ಕಟ್ಟಿದರೂ ಗೋರ್ಟಾದ ಹೊರಸು ಅಲ್ಲೇ ಇರುತ್ತದೆ. ಹೃದಯದ ಚಿಕಿತ್ಸೆಗೆ ರೋಗಿ ಒಂದು ಸಲ ಹೋದರೆ ನಡೆಯುತ್ತದೆ. ಈ ಚಿಕಿತ್ಸೆ ರೋಗಿಯ ಹತ್ತಿರ ಪದೇ ಪದೇ ಬರಬೇಕು.

ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ ಆಯ್ತಲ್ಲ, ಯಾಕೆ ಇಷ್ಟು ರಗಳೆ? ನಾನೂ ಹೀಗೇ ಅಂದುಕೊಂಡಿದ್ದೆ. ಇದನ್ನು ಯಾರೋ ಆಗಲೇ ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ ಆಮೇಲೆ ತಿಳಿಯಿತು. ಅಟೆಂಡ್ ಅನ್ನುವ ಅಧ್ಯಯನ, ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ಲಕ್ವಾ ರೋಗಿಗಳ ಮೇಲೆ ನಡೆದದ್ದು. ಅರ್ಧ ಮಂದಿಯ ಮನೆಯವರಿಗೆ ವ್ಯಾಯಾಮ, ಆರೈಕೆ ಕಲಿಸಿ ಕಳಿಸಿದರು. ಇನ್ನರ್ಧ ಮಂದಿಗೆ ಎಂದಿನ ಚಿಕಿತ್ಸೆಯಷ್ಟೇ. ಆರು ತಿಂಗಳ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕಲಿಸಿದ್ದು ದಂಡ ಅಂತ ನಾನು ಹೇಳುವುದಿಲ್ಲ. ಕೈ ಎಳೆಯಬೇಡಿ, ಮಗ್ಗಲು ಬದಲಿಸಿ ಅಂತ ಯಾರಾದರೂ ಕಾಕುಗೆ ಹೇಳಿದ್ದರೆ ಹುಣ್ಣಾದರೂ ತಪ್ಪುತ್ತಿತ್ತು. ಆದರೆ ತಿಳಿದವರ ಕೆಲಸವನ್ನು ಪುಕ್ಕಟೆಯಾಗಿ ಮನೆಯ ಹೆಣ್ಣುಮಕ್ಕಳ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಎಮ್ಮೆ ಹಿಂಡುವುದು, ಅಡಿಗೆ, ಕಳೆ ತೆಗೆಯುವುದು, ಎಲ್ಲ ಮುಗಿಸಿ ಬಂದ ಕಾಕು ದಿನಕ್ಕೆ ಎರಡು ತಾಸು ವ್ಯಾಯಾಮ ಮಾಡಿಸುತ್ತಾಳೆ ಅಂತ ನಂಬುವವರು ಅವಳ ಒಂದು ದಿನ ನೋಡಿಲ್ಲ.

ಕೊನೆಗೆ ಬಸವಕಲ್ಯಾಣದಿಂದ ಒಬ್ಬ ಹುಡುಗ ಬಂದ. ಫಿಜಿಯೋಥೆರಪಿ ಓದಿದವನು, ಮೋಟರ್ ಸೈಕಲ್ ಮೇಲೆ ಬರುತ್ತಿದ್ದ, ಒಂದು ಸಲಕ್ಕೆ 500 ರೂಪಾಯಿ. ಆರನೆಯ ಸಲಕ್ಕೆ ಕಾಕಾ ಗೋಡೆ ಹಿಡಿದು ನಿಂತ. ಕಾಕು ಅಳುತ್ತ ನನಗೆ ಫೋನು ಮಾಡಿದಳು. ಹದಿನಾಲ್ಕನೆಯ ಸಲದ ಮೇಲೆ ನಿಲ್ಲಿಸಿದರು, ದುಡ್ಡಿರಲಿಲ್ಲ. ನನಗೆ ಹೇಳಲೇ ಇಲ್ಲ, ಸಂಕೋಚ. ಐದು ಲಕ್ಷದವರೆಗಿನ ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಕಾರ್ಡು ಇದೆ. ಮನೆಗೆ ಬಂದು ನಿಲ್ಲಿಸಿ ನಡೆಸುವ 500 ರೂಪಾಯಿಗೆ ಕಾರ್ಡಿಲ್ಲ.

ಮಾತಿನ ಚಿಕಿತ್ಸೆಯದು ಇನ್ನೂ ದೂರದ ದಾರಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅರವತ್ತರ ದಶಕದಿಂದ ಇದೆ, ಅಫೇಸಿಯಾದ ಬಗ್ಗೆ ಕನ್ನಡದಲ್ಲಿಯೇ ಕೆಲಸ ಮಾಡಿದೆ. ಆದರೆ ಬೀದರ ಸೀಮೆಯ ಬಾಯಿ ಬೇರೆ. ಪೊರಕೆಯ ಚಿತ್ರ ತೋರಿಸಿ ‘ಪೊರಕೆ’ ಅನ್ನಿಸಲು ಕೂತರೆ ಕಾಕಾ ಸುಮ್ಮನೇ ನೋಡುತ್ತಾನೆ, ಅವನಿಗೆ ಅದು ಕಸಬರಿಗಿ. ಬೀಗ ಅವನಿಗೆ ಕೀಲಿ. ಬಾಜಾರದಲ್ಲಿ ಮರಾಠಿ, ಗೆಳೆಯರ ಜೊತೆ ದಖ್ಖನಿ ಉರ್ದು, ಮನೆಯಲ್ಲಿ ಕನ್ನಡ. ಯಾವ ಭಾಷೆಯಲ್ಲಿ ಮಾತು ಮೊದಲು ಮರಳುತ್ತದೋ ಅಲ್ಲಿಂದ ಶುರು ಮಾಡಬೇಕು, ಅದನ್ನು ಗುರುತಿಸಲು ಈ ನೆಲದ ಭಾಷೆ ಕೇಳಿ ಬೆಳೆದವರೇ ಬೇಕು. ಸೋಮವಾರ ಗುಡಿಯಲ್ಲಿ ಭಜನೆ ಕೂತಾಗ ಕಾಕಾ ಜನರ ಜೊತೆ ಪದ ಹಾಡುತ್ತಾನೆ, ಶಬ್ದ ಬಿಡದೆ. ಹಾಡು ನಿಂತರೆ ಮತ್ತೆ ಆತು ಆತು. ಕೇಳುವವರಿಗೆ ಪವಾಡ. ಮಾತಿನ ಚಿಕಿತ್ಸೆ ತಿಳಿದವರಿಗೆ ಅದೊಂದು ಬಾಗಿಲು, ರಾಗದಿಂದ ಮಾತಿಗೆ ಬರುವ ದಾರಿ. ಆ ಬಾಗಿಲ ಹತ್ತಿರ ನಿಲ್ಲಲು ನಮ್ಮಲ್ಲಿ ಯಾರೂ ಇಲ್ಲ.

ಆಗದ ಕೆಲಸ ಕೇಳುತ್ತಿದ್ದೇನೆ ಅಂತ ಅನ್ನಿಸಬಹುದು. ನಮ್ಮದೇ ಭಾಗದಲ್ಲಿ ಒಂದು ಸಲ ಆಗಿದೆ. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ, ಮೂರ್ಛೆರೋಗಗಳನ್ನು ಗುರುತಿಸಿ ನೋಡಿಕೊಳ್ಳಲು ಕಲಿಸಿದರು. ರೋಗಿ ಬೆಂಗಳೂರಿಗೆ ಹೋಗುವ ಬದಲು ವಿದ್ಯೆ ಹಳ್ಳಿಗೆ ಬಂತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ಮಕ್ಕಳ ವಿಷಯದಲ್ಲೂ ಆಗಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡಗಳು ಅಂಗನವಾಡಿ, ಶಾಲೆಗಳಿಗೇ ಹೋಗಿ ತಪಾಸಣೆ ಮಾಡುತ್ತವೆ. ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಕೇಂದ್ರ, ಅಲ್ಲಿ ಫಿಜಿಯೋಥೆರಪಿ, ಮಾತಿನ ಚಿಕಿತ್ಸೆ ಎರಡೂ ಇರಬೇಕು ಅಂತ ವ್ಯವಸ್ಥೆ. ಆ ಯೋಜನೆ 18 ವರ್ಷಕ್ಕೆ ಮುಗಿಯುತ್ತದೆ. 2022ರಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕಾಲಿಟ್ಟು ಆಮೇಲೆ ಉಳಿದ ಜಿಲ್ಲೆಗಳ ಕಡೆ ಹೊರಟಿತು. ಲಕ್ವಾ ಅದರ ಪಟ್ಟಿಯಲ್ಲಿದೆ, ಒಳ್ಳೆಯದೇ. ಅದು ಗುರುತಿಸುವುದಕ್ಕೆ, ಔಷಧ ಬರೆಯುವುದಕ್ಕೆ ನಿಲ್ಲದೆ ಹೊರಸಿನತನಕ ಬರಬೇಕು ಅಂತ ನನ್ನ ಒತ್ತಾಯ.

ನಾನು ಕೇಳುವುದು ಮೂರು. ತಾಲ್ಲೂಕಿನ ಫಿಜಿಯೋಥೆರಪಿಸ್ಟರು ವಾರದ ಗೊತ್ತಾದ ದಿನ ಹೋಬಳಿಗೆ, ಪಂಚಾಯ್ತಿಗೆ ಬರಲಿ. ಸಂತೆಗೆ ದಿನ ಇದ್ದ ಹಾಗೆ ಇದಕ್ಕೂ ಒಂದು ದಿನ ಇರಲಿ. ಅರ್ಜಿ ತುಂಬುವುದಕ್ಕಷ್ಟೇ ಬಳಕೆಯಾಗುವ ಪುನರ್ವಸತಿ ಕಾರ್ಯಕರ್ತನಿಗೆ ಹೆಸರಿಗೆ ತಕ್ಕ ತರಬೇತಿ, ತರಬೇತಿಗೆ ತಕ್ಕ ಸಂಬಳ ಸಿಗಲಿ. ನಮ್ಮ ಜಿಲ್ಲೆಯಲ್ಲಿ ‘ಪುನರ್ವಸತಿ’ ಅಂದರೆ ಇನ್ನೂ ಕಾರಂಜಾ ಡ್ಯಾಮಿನಲ್ಲಿ ಮುಳುಗಿದ ಊರಿನವರಿಗೆ ಕೊಟ್ಟ ಜಾಗ ಅಂತಲೇ ಅರ್ಥ. ಆ ಶಬ್ದಕ್ಕೆ ಎರಡನೆಯ ಅರ್ಥವೂ ಬರಲಿ. ಮೂರನೆಯದು, ಆರು ತಿಂಗಳ ಪ್ರಮಾಣಪತ್ರಕ್ಕೆ ಕಾಯದೆ ಡಿಸ್ಚಾರ್ಜ್ ದಿನವೇ ಹೆಸರು ನೋಂದಾಯಿಸಿ ತಾತ್ಕಾಲಿಕ ಚೀಟಿ ಕೊಡಲಿ. ಗುಣವಾದರೆ ಚೀಟಿ ವಾಪಸು ತಗೊಳ್ಳಲಿ, ಅದಕ್ಕಿಂತ ಸಂತೋಷ ಇನ್ನೇನಿದೆ?

ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ ಅನ್ನುವುದಾದರೆ ನಾಳೆಯೇ ಆಗುವ ಕೆಲಸ ಒಂದಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಆ ಶಬ್ದದ ಮುಂದೆ ಮೂರು ಖಾನೆ ಹಾಕಿ, ಕನ್ನಡದಲ್ಲಿ: ಯಾರು, ಎಲ್ಲಿ, ವಾರಕ್ಕೆ ಎಷ್ಟು ಸಲ. ತುಂಬಲು ಬಂದರೆ ತುಂಬಲಿ. ಬರದಿದ್ದರೆ ಖಾಲಿ ಬಿಡಲಿ, ಆದರೆ ಆ ಖಾಲಿ ಖಾನೆಗಳನ್ನು ತಾಲ್ಲೂಕುವಾರು ಎಣಿಸಲಿ. ಯಾವ ಊರಿನಲ್ಲಿ ಎಷ್ಟು ಮಂದಿ ಹೊರಸಿನ ಮೇಲೆ ಉಳಿದರು ಅಂತ ಸರಕಾರಕ್ಕೆ ಬರಹದಲ್ಲಿ ಗೊತ್ತಾಗಲಿ.

ಈಗ ಆ ಹುಡುಗ ಮತ್ತೆ ಬರುತ್ತಿದ್ದಾನೆ, ವಾರಕ್ಕೆ ಎರಡು ಸಲ. ಖರ್ಚು ನಾವು ಅಣ್ಣ-ತಮ್ಮಂದಿರು ಹಂಚಿಕೊಂಡಿದ್ದೇವೆ. ಕಾಕಾ ಕೋಲು ಹಿಡಿದು ಅಂಗಳದ ಬೇವಿನ ಗಿಡದತನಕ ನಡೆಯುತ್ತಾನೆ. ಕೈ ಹಾಗೇ ಇದೆ. ಇಂಥ ಅಣ್ಣ-ತಮ್ಮಂದಿರಿಲ್ಲದ ಮನೆಗಳು ಅದೇ ಓಣಿಯಲ್ಲಿ ಇನ್ನೆರಡಿವೆ. ಹೋದ ಸಲ ಊರಿಗೆ ಹೋದಾಗ ಅದರಲ್ಲೊಂದು ಮನೆಯ ಹೆಣ್ಣುಮಗಳು ತನ್ನ ಗಂಡನ ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಕಾಕು ಕಾರ್ಡು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು:

“ಇದು ಗುಳಿಗಿ ಅಲ್ಲವ್ವಾ. ಮೆಡಿಕಲ್‌ದಾಗ ಕೇಳಬ್ಯಾಡ. ಇದು ಮನಷಾರು ಬಂದು ಮಾಡಸೋದು.”

“ಎಲ್ಲಿ ಇರ್ತಾರ ಅವ್ರು?” ಅಂತ ಆಕೆ ಕೇಳಿದಳು. ಕಾಕು ನನ್ನ ಮುಖ ನೋಡಿದಳು.